ಪಡಸಾಲೆಯಲ್ಲೊಂದು ಚಿತ್ರಮಂದಿರ

ಮೈಸೂರಿನ ಸರಸ್ವತೀಪುರದಲ್ಲಿರುವ ನನ್ನ ಅಕ್ಕನ ಮನೆಯ ಪಡಸಾಲೆಯು 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಸಾಧಾರಣ ಕೊಠಡಿ. ಅನ್ಯರ ಮನೆಯ ಅಳತೆಯನ್ನು ಇಷ್ಟು ಖಚಿತವಾಗಿ ಹೇಳುವ ಅಭ್ಯಾಸ ನನಗಿಲ್ಲ. ಆದರೆ ಕಳೆದ ಯುಗಾದಿಯ ಮರುದಿನ ಟೇಪು ಹಿಡಿದು ಆ ಕೊಠಡಿಯ ಮೂಲೆಮೂಲೆಗಳಲ್ಲಿ ಮಂಡಿಯೂರಿದ್ದವನಾದ್ದರಿಂದ ಆ ಅಂಕಿಗಳು ಇನ್ನೂ ನೆನಪಿನಲ್ಲಿವೆ. ಅಕ್ಕನ ಮಗನು ಹಬ್ಬಕ್ಕೆಂದು ಒಂದು ಹೋಂ ಥಿಯೇಟರನ್ನು ತಂದಿದ್ದನು: 55 ಇಂಚಿನ ಟಿ.ವಿ., ಒಂದು ರಿಸೀವರು, ಗೇಣುದ್ದದ ಐದು ಸ್ಪೀಕರುಗಳು, ಅಕ್ಕಿಯ ಡಬ್ಬದಷ್ಟು ದಪ್ಪನಾದ ಒಂದು ಸಬ್‌ವೂಫರು. ಅಚ್ಚುಕಟ್ಟಿನ ಹುಡುಗನಾದ ಅವನು ಐದು ಸ್ಪೀಕರುಗಳನ್ನೂ ಟಿ.ವಿ.ಯ ಕೆಳಗಿನ ತೇಗದ ಶೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಜೊತೆಯಲ್ಲಿ, ನಡುವಿನದು ಗಾಜಿನ ಬಾಗಿಲ ಹಿಂದೆ ಬರುವಂತೆ ಒಂದೇ ಸಾಲಿನಲ್ಲಿ ಜೋಡಿಸಿ, ಶೋಕೇಸಿನಲ್ಲಿ ಹಿಡಿಸದ ಸಬ್‌ವೂಫರನ್ನು ಕೊಠಡಿಯ ಮೂಲೆಗೆ ತಳ್ಳಿದ್ದನು. 'ಮಾತೇ ಕೇಳಿಸೋದಿಲ್ಲ ಕಣೋ' ಎಂದು ಅಕ್ಕ ನನ್ನಲ್ಲಿ ದೂರಿದಳು. 'ಎಲ್ಲರೂ ಬಾಯಾಡಿಸ್ತಾರೆ, ಆಮೇಲೆ ಒಂದೇ ಸಲ ಗುಡುಗು. ನಮ್ಮ ಹಳೇ ರೇಡಿಯೋನೇ ವಾಸಿ.' ಅಳಿಯನಾದರೋ ರಟ್ಟಿನ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ತೋರಿಸಿ, 'ಮಾವ, ಎರಡು ಸಾವಿರ ವಾಟ್!' ಎಂದನು.

ವಾಟಿನ ಮಾತನ್ನು ಮೊದಲು ಮುಗಿಸಿಬಿಡುವುದು ಒಳ್ಳೆಯದು. ಪೆಟ್ಟಿಗೆಗಳ ಮೇಲೆ ಅಚ್ಚಾಗುವ ಈ ಸಾವಿರಗಳು ಬಹುಮಟ್ಟಿಗೆ ಕ್ಷಣಾರ್ಧದ ಶಿಖರಶಕ್ತಿಯ ಲೆಕ್ಕಗಳೇ ಹೊರತು ಆಂಪ್ಲಿಫೈಯರು ನಿರಂತರವಾಗಿ ಕೊಡಬಲ್ಲ ಶಕ್ತಿಯ ಲೆಕ್ಕಗಳಲ್ಲ. ಅದೂ ಅಲ್ಲದೆ, ಶಕ್ತಿಯನ್ನು ಇಮ್ಮಡಿಸಿದರೆ ಶಬ್ದದ ಮಟ್ಟ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತುಪಟ್ಟು ಶಕ್ತಿ ಬೇಕು. ಸಾಧಾರಣ ಕೊಠಡಿಯೊಂದರಲ್ಲಿ ಸಂಭಾಷಣೆಯನ್ನು ಕೇಳುವಾಗ ಸ್ಪೀಕರೊಂದು ಬಳಸುವುದು ಒಂದು ವಾಟಿಗಿಂತಲೂ ಕಡಿಮೆಯೇ. ಅಕ್ಕನ ವ್ಯಾಧಿಗೆ ವಾಟಿನಲ್ಲಿ ಔಷಧವಿರಲಿಲ್ಲ.

ಗೃಹಚಿತ್ರಮಂದಿರವೆಂಬ ಈ ಯಂತ್ರಸಮೂಹವನ್ನು ಕಲ್ಪಿಸಿದವರು ಶಬ್ದದ ಶಾಸ್ತ್ರವನ್ನೂ ಬೆಳಕಿನ ಶಾಸ್ತ್ರವನ್ನೂ ಬಲ್ಲವರೆಂಬುದು ನಿಜವಾದರೂ, ಅವರ ನಿಜವಾದ ಬಂಡವಾಳವು ಬೇರೊಂದು ತಿಳಿವಳಿಕೆ. ಮನುಷ್ಯನ ಕಿವಿಗೆ ಯಾವುದು ಕೇಳಿಸದು, ಕಣ್ಣಿಗೆ ಯಾವುದು ಕಾಣಿಸದು, ಎಲ್ಲಿ ಇಂದ್ರಿಯಗಳು ತಾವಾಗಿಯೇ ಮೋಸಹೋಗಲು ಸಿದ್ಧವಾಗಿ ಕುಳಿತಿವೆ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಅರಿತಿದ್ದಾರೆ. ಐದು ಪೆಟ್ಟಿಗೆಗಳಿಂದ ಒಂದು ಅರಣ್ಯವನ್ನೂ, ಒಂದು ಗಾಜಿನ ಹಲಗೆಯಿಂದ ಒಂದು ಹಗಲನ್ನೂ ನಿರ್ಮಿಸುವ ಉಪಾಯವು ಈ ಅರಿವಿನಿಂದಲೇ ಹುಟ್ಟಿದ್ದು.

ಕಿವಿಯಿಂದಲೇ ಪ್ರಾರಂಭಿಸೋಣ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆಯು ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಹುಲ್ಲುಹಾಸಿನ ನಡುವೆ ಕಣ್ಣುಮುಚ್ಚಿ ನಿಂತು, ಸುತ್ತಲೂ ಸಹಾಯಕರನ್ನು ನಿಲ್ಲಿಸಿಕೊಂಡು, ಅವರು ಒಬ್ಬೊಬ್ಬರಾಗಿ ಮಾತನಾಡಿದಾಗ ದನಿಯು ಯಾವ ದಿಕ್ಕಿನದೆಂದು ಹೇಳುವ ಒಂದು ಪ್ರಯೋಗವನ್ನು ಮಾಡಿದನು. ಮಾತಿನ ದಿಕ್ಕನ್ನು ಹೇಳುವುದು ಅವನಿಗೆ ಸುಲಭವಾಯಿತು. ಆದರೆ ಮಾತಿನ ಬದಲು ಶ್ರುತಿಕವೆಯ ಶುದ್ಧಸ್ವರವನ್ನು ಕೇಳಿಸಿದಾಗ, ಎಡ ಬಲಗಳು ತಿಳಿದುವೇ ಹೊರತು, ಸ್ವರವು ಎದುರಿನಿಂದ ಬಂದಿತೋ ಬೆನ್ನಿನಿಂದ ಬಂದಿತೋ ತಿಳಿಯಲಿಲ್ಲ. ಈ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡು 1907ರಲ್ಲಿ ಅವನು ಪ್ರಕಟಿಸಿದ ನಿರ್ಣಯವು ಇಂದಿಗೂ ಬಹುಮಟ್ಟಿಗೆ ನಿಂತಿದೆ. ಬಲಗಡೆಯಿಂದ ಬರುವ ಶಬ್ದವು ಬಲಗಿವಿಗೆ ಮೊದಲು ತಲುಪಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗಬೇಕಾದುದರಿಂದ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಕ್ಕಾಲಿಗಿಂತಲೂ ಕಡಿಮೆಯಾದ ವಿಳಂಬವೊಂದು ಉಂಟಾಗುವುದು. ತಗ್ಗಿನ ಸ್ವರಗಳ ದಿಕ್ಕನ್ನು ಮಿದುಳು ಈ ವಿಳಂಬದಿಂದಲೇ ಊಹಿಸುತ್ತದೆ. ಎತ್ತರದ ಸ್ವರಗಳ ತರಂಗಗಳು ಗಿಡ್ಡವಾದುದರಿಂದ ತಲೆಯನ್ನು ಬಳಸಲಾರದೆ ಆಚೆ ಬದಿಯಲ್ಲಿ ಒಂದು ನೆರಳನ್ನು ಬಿಡುತ್ತವೆ. ಅಲ್ಲಿ ಮಿದುಳು ಸದ್ದಿನ ಹೆಚ್ಚುಕಡಿಮೆಯನ್ನು ತೂಗುತ್ತದೆ. ಹಿಂದು ಮುಂದುಗಳನ್ನೂ ಮೇಲು ಕೆಳಗುಗಳನ್ನೂ ತಿಳಿಸುವ ಕೆಲಸವನ್ನು ಹೊರಗಿವಿಯ ಆ ವಕ್ರವಾದ ಮಡಿಕೆಗಳು ಮಾಡುತ್ತವೆ. ಆದರೆ ಹಲವು ಸ್ವರಗಳು ಬೆರೆತ ಶಬ್ದವಿದ್ದರೆ ಮಾತ್ರ ಅವುಗಳ ಕೈ ಸಾಗುವುದು.

ಎರಡು ಕಿವಿಗಳು ಇಷ್ಟನ್ನೇ ನಂಬಿ ತೀರ್ಮಾನ ಹೇಳುವುದಾದರೆ, ಅವುಗಳಿಗೆ ಸುಳ್ಳುಸಾಕ್ಷ್ಯ ಒದಗಿಸುವುದೂ ಸಾಧ್ಯವಾಗಬೇಕಷ್ಟೆ. ಲಂಡನ್ನಿನ ಇ.ಎಂ.ಐ. ಸಂಸ್ಥೆಯ ಎಂಜಿನಿಯರು ಅಲನ್ ಬ್ಲಮ್‌ಲೈನನು ಪತ್ನಿಯೊಡನೆ ಚಲನಚಿತ್ರವೊಂದನ್ನು ನೋಡುತ್ತಿದ್ದಾಗ, ನಟನು ಪರದೆಯ ಒಂದು ಕೊನೆಯಲ್ಲಿದ್ದರೂ ಅವನ ದನಿಯು ಬೇರೊಂದು ಕಡೆಯಿಂದ ಬರುವ ವಿಪರೀತವನ್ನು ಗಮನಿಸಿ, ಇದನ್ನು ಸರಿಪಡಿಸುವ ಮಾರ್ಗ ತನಗೆ ಗೊತ್ತೆಂದು ಹೇಳಿದನಂತೆ. ಕಥೆ ಹೇಗಾದರೂ ಇರಲಿ, 1931ರ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟು ಇತಿಹಾಸದ ಮಾತು. ಎಡಬಲಗಳಲ್ಲಿರುವ ಎರಡು ಸ್ಪೀಕರುಗಳು ಒಂದೇ ಶಬ್ದವನ್ನು ಸಮನಾಗಿ ನುಡಿದರೆ, ನಟ್ಟನಡುವೆ ಕುಳಿತವನಿಗೆ ಆ ಶಬ್ದವು ಯಾವ ಸ್ಪೀಕರೂ ಇಲ್ಲದ ಮಧ್ಯಬಿಂದುವಿನಿಂದ ಬಂದಂತೆ ಕೇಳುವುದು. ಒಂದರ ಬಲವನ್ನು ಹೆಚ್ಚಿಸುತ್ತ ಹೋದಂತೆ ಆ ದನಿಯ ಪ್ರೇತವು ಅತ್ತ ಸರಿಯುವುದು. ಇಂದು ಸ್ಟೀರಿಯೊ ಎಂಬ ಹೆಸರಿನಿಂದ ಲೋಕಪರಿಚಿತವಾದ ವಿದ್ಯೆಯ ಮೂಲ ಇದೇ. ಬ್ಲಮ್‌ಲೈನನು ಇದರ ವೈಭವವನ್ನು ನೋಡಲು ಉಳಿಯಲಿಲ್ಲ. 1942ರ ಜೂನಿನಲ್ಲಿ ರಡಾರು ಉಪಕರಣವೊಂದರ ಪರೀಕ್ಷೆಗಾಗಿ ಹಾರುತ್ತಿದ್ದ ವಿಮಾನವು ಬಿದ್ದು, 38ನೆಯ ವಯಸ್ಸಿನಲ್ಲಿ ತೀರಿಕೊಂಡನು.

ದನಿಯ ಈ ಪ್ರೇತಕ್ಕೆ ಒಂದು ದೋಷವುಂಟು: ನಡುವೆ ಕುಳಿತವನಿಗೆ ಮಾತ್ರ ಅದು ನಡುವೆ ನಿಲ್ಲುವುದು. ಸೋಫಾದ ಬಲತುದಿಯಲ್ಲಿ ಕುಳಿತವನಿಗೆ ಬಲದ ಸ್ಪೀಕರಿನ ಶಬ್ದವು ಮೊದಲು ಬರುವುದರಿಂದ, ಇಡೀ ದೃಶ್ಯವೇ ಬಲಕ್ಕೆ ಕುಸಿದು ಬೀಳುವುದು. ಒಂದೇ ಶಬ್ದದ ಎರಡು ಪ್ರತಿಗಳು ಸುಮಾರು 30 ಮಿಲಿಸೆಕೆಂಡಿನ ಒಳಗೆ ಒಂದರ ಹಿಂದೊಂದು ಬಂದರೆ, ಮಿದುಳು ಅವುಗಳನ್ನು ಒಂದಾಗಿ ಬೆಸೆದು, ಮೊದಲು ಬಂದುದರ ದಿಕ್ಕನ್ನೇ ಎರಡಕ್ಕೂ ಆರೋಪಿಸುವುದೆಂಬ ಈ ವಿಚಿತ್ರ ನ್ಯಾಯವು 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಎಂಬುವನ ಪ್ರಬಂಧದಿಂದ ಪ್ರಸಿದ್ಧವಾಯಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಇದಕ್ಕೆ ಪರಿಹಾರವನ್ನು ಮುಂಚೆಯೇ ಕಂಡಿದ್ದರು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಸಾಗಿಸಿದಾಗ, ಅವರು ಬಳಸಿದ್ದು ಮೂರು ವಾಹಿನಿಗಳನ್ನು: ಎಡ, ಬಲ ಮತ್ತು ಮಧ್ಯ. ಪ್ರಸಿದ್ಧ ಸಂಗೀತನಿರ್ದೇಶಕ ಸ್ಟೊಕೊವ್‌ಸ್ಕಿಯು ಆ ದಿನ ವಾದ್ಯಗಾರರನ್ನು ಸಹಾಯಕನಿಗೆ ಬಿಟ್ಟು, ತಾನು ವಾಷಿಂಗ್ಟನ್ನಿನಲ್ಲಿ ನಿಯಂತ್ರಣದ ತಿರುಪುಗಳ ಮುಂದೆ ಕುಳಿತಿದ್ದನು.

ಸಿನಿಮಾದಲ್ಲಿ ಮಧ್ಯದ ಸ್ಪೀಕರಿಗೆ ಪಟ್ಟದ ಸ್ಥಾನ ದೊರೆತಿರುವುದಕ್ಕೆ ಇದೇ ಕಾರಣ. ಸಭಾಂಗಣದ ಯಾವ ಕುರ್ಚಿಯಲ್ಲಿ ಕುಳಿತರೂ ಮಾತು ಪರದೆಯಿಂದಲೇ ಬರಬೇಕಾದುದರಿಂದ, ಸಂಭಾಷಣೆಯ ಬಹುಭಾಗವನ್ನು ಆ ಒಂದೇ ವಾಹಿನಿಗೆ ಒಪ್ಪಿಸುತ್ತಾರೆ. ನನ್ನ ಅಳಿಯನು ಗಾಜಿನ ಬಾಗಿಲ ಹಿಂದೆ ಪ್ರತಿಷ್ಠಾಪಿಸಿದ್ದುದು ಈ ಸ್ಪೀಕರನ್ನೇ! ಎಡಬಲದವುಗಳನ್ನು ಕೇಳುಗನಿಂದ ನೋಡಿದರೆ ನಡುರೇಖೆಯಿಂದ 30 ಡಿಗ್ರಿಗಳಷ್ಟು ಆಚೆಗೂ, ಸುತ್ತುಧ್ವನಿಯ ಎರಡನ್ನು ಕಿವಿಗಳಿಗಿಂತ ತುಸು ಹಿಂದಕ್ಕೆ, 110 ಡಿಗ್ರಿಗಳ ಆಸುಪಾಸಿನಲ್ಲೂ ಇಡುವುದು ಸಂಪ್ರದಾಯ. ಅಂತರಗಳು ಸಮವಾಗಿಲ್ಲದಿದ್ದರೂ ಚಿಂತೆಯಿಲ್ಲ. ಶಬ್ದವು ಒಂದು ಅಡಿ ನಡೆಯಲು ಮಿಲಿಸೆಕೆಂಡಿಗಿಂತ ತುಸು ಕಡಿಮೆ ಕಾಲ ಹಿಡಿಯುವುದರಿಂದ, ಪ್ರತಿಯೊಂದು ಸ್ಪೀಕರಿನ ದೂರವನ್ನು ರಿಸೀವರಿಗೆ ತಿಳಿಸಿದರೆ, ಹತ್ತಿರದಲ್ಲಿರುವವನ್ನು ಅದು ಅಷ್ಟಷ್ಟೇ ತಡೆದು ಎಲ್ಲವನ್ನೂ ಏಕಕಾಲಕ್ಕೆ ಕಿವಿಗೆ ತಲುಪಿಸುತ್ತದೆ. ನಾನು ಟೇಪು ಹಿಡಿದದ್ದು ಈ ಅಳತೆಗಾಗಿ. 2012ರಿಂದೀಚೆಗೆ ಬಂದಿರುವ ಅಟ್ಮಾಸ್ ಎಂಬ ಪದ್ಧತಿಯು ಸೂರಿನಲ್ಲಿಯೂ ಸ್ಪೀಕರುಗಳನ್ನು ಬೇಡುತ್ತದೆ. ಅಕ್ಕನ ಮನೆಯ ಸೂರಿಗೆ ಮೊಳೆ ಹೊಡೆಯುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

5.1 ಎಂಬ ಹೆಸರಿನಲ್ಲಿ ಐದರ ಮುಂದಿನ ಆ 'ಪಾಯಿಂಟ್ ಒಂದು' ಏನೆಂದು ಅಳಿಯನು ಕೇಳಿದನು. ಸಿಡಿತ, ಭೂಕಂಪ, ಆನೆಯ ಹೆಜ್ಜೆ ಮೊದಲಾದ ಅತಿಮಂದ್ರ ಶಬ್ದಗಳಿಗಾಗಿಯೇ ಮೀಸಲಾದ ಆರನೆಯ ವಾಹಿನಿ ಅದು. ಸೆಕೆಂಡಿಗೆ 120 ಕಂಪನಗಳಿಗಿಂತ ಮೇಲಿನ ಯಾವುದನ್ನೂ ಹೊರದಿರುವುದರಿಂದ ಅದನ್ನು ಪೂರ್ಣಾಂಕವಾಗಿ ಎಣಿಸದೆ ಭಿನ್ನರಾಶಿಯಾಗಿ ಎಣಿಸಿದರು. ಕಿವಿಯ ಮೇರೆಯಾದ 20,000 ಕಂಪನಗಳಿಗೆ ಹೋಲಿಸಿ ಪ್ರಾಮಾಣಿಕವಾಗಿ ಲೆಕ್ಕಹಾಕಿದರೆ ಅದು ಹತ್ತರ ಒಂದು ಭಾಗವೂ ಅಲ್ಲ, ಸಾವಿರದ ಆರು ಭಾಗ, ಆದರೆ 5.006 ಎಂಬ ಹೆಸರಿನಿಂದ ಯಾವ ಸರಕೂ ಮಾರಾಟವಾಗಲಾರದು. ಇಷ್ಟು ತಗ್ಗಿನ ಸ್ವರಗಳ ಅಲೆಗಳು ಬಹು ಉದ್ದ. 34 ಕಂಪನಗಳ ಅಲೆಯೊಂದು 10 ಮೀಟರು, ಎಂದರೆ ಪಡಸಾಲೆಗಿಂತ ಇಮ್ಮಡಿ ಉದ್ದವಾದುದು. ಅಂಥ ಅಲೆಗೆ ನಮ್ಮ ತಲೆಯು ಪ್ರವಾಹದಲ್ಲಿ ನೆಟ್ಟ ಕಡ್ಡಿಯಂತೆ, ಎರಡು ಕಿವಿಗಳ ನಡುವಣ ಭೇದವೇ ಗೋಚರವಾಗದು. ಸುಮಾರು 80 ಕಂಪನಗಳ ಕೆಳಗೆ ಶಬ್ದದ ದಿಕ್ಕು ನಮಗೆ ತಿಳಿಯದೆಂಬ ಈ ಕುರುಡುತನದಿಂದಾಗಿ ಸಬ್‌ವೂಫರೊಂದನ್ನು ಎಲ್ಲಿ ಬೇಕಾದರೂ ಇಡಬಹುದಾಗಿದೆ, ಮತ್ತು ಇತರ ಐದು ಸ್ಪೀಕರುಗಳು ಗೇಣುದ್ದವಾಗಿಯೇ ಇರಬಹುದಾಗಿದೆ.

ಎಲ್ಲಿ ಬೇಕಾದರೂ ಇಡಬಹುದು. ಆದರೆ ಎಲ್ಲ ಕಡೆಯೂ ಒಂದೇ ಬಗೆಯಾಗಿ ಕೇಳಿಸದು. ಎರಡು ಗೋಡೆಗಳ ನಡುವೆ ಅರ್ಧ ಅಲೆಯು ಸರಿಯಾಗಿ ಹಿಡಿಸಿದಾಗ, ಹೋಗುವ ಅಲೆಯೂ ಮರಳುವ ಅಲೆಯೂ ಒಂದನ್ನೊಂದು ಪೋಷಿಸಿಕೊಂಡು, ಕೊಠಡಿಯೇ ತಂಬೂರಿಯ ಬುರುಡೆಯಂತೆ ಅನುನಾದಗೊಳ್ಳುವುದು. 15 ಅಡಿಯ ಉದ್ದಕ್ಕೆ ಈ ಸ್ವರವು ಸುಮಾರು 38 ಕಂಪನಗಳದು, 12 ಅಡಿಯ ಅಗಲಕ್ಕೆ 47ರದು, 10 ಅಡಿಯ ಎತ್ತರಕ್ಕೆ 56ರದು. ಈ ಎಲ್ಲ ಅನುನಾದಗಳ ಒತ್ತಡವೂ ಗೋಡೆಗಳ ಬಳಿ ಪರಮಾವಧಿಯನ್ನು ಮುಟ್ಟುತ್ತದೆ. ಮೂಲೆಯಲ್ಲಂತೂ ಮೂರೂ ಒಟ್ಟುಗೂಡುತ್ತವೆ. ಸಬ್‌ವೂಫರು ಮೂಲೆಯಲ್ಲಿ; ಅಕ್ಕನ ಸೋಫಾ ಎದುರುಗೋಡೆಗೆ ಆತುಕೊಂಡು. ಮೀಟುವವನೂ ಕೇಳುವವಳೂ ತಂತಿಯ ಅತ್ಯಂತ ಚುರುಕಾದ ಎಡೆಗಳಲ್ಲೇ ಕುಳಿತಿದ್ದರು. ಅವಳಿಗೆ ಗುಡುಗು ಕೇಳಿಸಿದ್ದರಲ್ಲಿ ಆಶ್ಚರ್ಯವೇನು? ಸೋಫಾವನ್ನು ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ಎಳೆದೆವು. ಸಬ್‌ವೂಫರಿನ ಸ್ಥಳವನ್ನು ಹುಡುಕಲು ವೃತ್ತಿಯವರು ಒಂದು ತಲೆಕೆಳಗಾದ ಉಪಾಯವನ್ನು ಅನುಸರಿಸುತ್ತಾರೆ: ಅದನ್ನೇ ಸೋಫಾದ ಮೇಲೆ ಕೂರಿಸಿ, ತಗ್ಗಿನ ಸ್ವರದ ಸಂಗೀತವೊಂದನ್ನು ಹಾಕಿ, ತಾವು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಯುದ್ದಕ್ಕೂ ಹೋಗುತ್ತಾರೆ, ಎಲ್ಲಿ ಸ್ವರವು ಊದಿಕೊಳ್ಳದೆ, ಬಡವಾಗದೆ, ಸಮನಾಗಿ ಕೇಳುವುದೋ ಅಲ್ಲಿಯೇ ಪೆಟ್ಟಿಗೆಯ ಜಾಗ. ಅರವತ್ತು ದಾಟಿದ ನಾನು ಅಂಬೆಗಾಲಿಟ್ಟುದನ್ನು ಕಂಡು ಪಕ್ಕದ ಮನೆಯ ಮಗುವೊಂದು ಬಹಳ ಸಂತೋಷಪಟ್ಟಿತು.

ಇನ್ನು ಕೇಳಿಸದ ಮಾತು. ಪಡಸಾಲೆಯ ನಡುವೆ ನಿಂತು ನಾನೊಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಗ್ರಾನೈಟಿನ ನೆಲ, ನುಣುಪಾದ ಗಾರೆಯ ಗೋಡೆ, ಕಾಂಕ್ರೀಟಿನ ಸೂರು. ಚಪ್ಪಾಳೆಯು ಝಣಝಣಿಸುತ್ತ ಬಹಳ ಹೊತ್ತು ಓಡಾಡಿ ಸತ್ತಿತು. ಈ ಸಾವಿನ ಕಾಲವನ್ನು ಮೊದಲು ಅಳೆದವನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕ ವಾಲೇಸ್ ಸಬೀನ್. 1895ರಲ್ಲಿ ಆ ವಿಶ್ವವಿದ್ಯಾನಿಲಯದ ಹೊಸ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಒಂದು ಮಾತೂ ಅರ್ಥವಾಗದೆ, ಅದನ್ನು ಸರಿಪಡಿಸುವ ಭಾರವು 27 ವರ್ಷದ ಇವನ ತಲೆಗೆ ಬಿದ್ದಿತು. ಅಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಸಾಯದೆ ಸುಳಿದಾಡುತ್ತಿದ್ದು, ಹಿಂದಿನ ವಾಕ್ಯವು ಮುಂದಿನ ವಾಕ್ಯದ ಮೇಲೆ ಬಂದು ಬೀಳುತ್ತಿತ್ತು. ಬೀದಿಯ ಸದ್ದಡಗಿದ ಮೇಲೆ, ರಾತ್ರಿಯ ಹೊತ್ತಿನಲ್ಲಿ, ಸಬೀನನು ಬೇರೊಂದು ಸಭಾಂಗಣದ ಪೀಠಗಳ ಮೆತ್ತೆಗಳನ್ನು ಹೊರಿಸಿ ತಂದು, ಒಂದೊಂದಾಗಿ ಜೋಡಿಸುತ್ತ, ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ಸ್ವರವು ಕಿವಿಯಿಂದ ಮರೆಯಾಗುವವರೆಗಿನ ಕಾಲವನ್ನು ಬರೆದಿಡುವನು. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನಕ್ಕೆ ಮರಳಬೇಕು. ಹೀಗೆ ಕಲೆಹಾಕಿದ ಸಾವಿರಾರು ಅಳತೆಗಳನ್ನು ಅವನು ಒಮ್ಮೆ ಒಟ್ಟಿಗೇ ಎಸೆದುಬಿಟ್ಟನು, ಏಕೆಂದರೆ ತಾನು ತೊಟ್ಟಿದ್ದ ಬಟ್ಟೆಯೂ ಶಬ್ದವನ್ನು ಹೀರುವುದೆಂದೂ, ಆ ಬಟ್ಟೆಯು ದಿನದಿನಕ್ಕೆ ಬೇರೆಯಾಗಿತ್ತೆಂದೂ ಅವನಿಗೆ ಹೊಳೆಯಿತು! ಅಲ್ಲಿಂದ ಮುಂದೆ ಅವನು ಒಂದೇ ಕೋಟು, ಒಂದೇ ಷರಾಯಿ, ಒಂದೇ ಜೊತೆ ಬೂಟುಗಳನ್ನು ತೊಟ್ಟು ಪ್ರಯೋಗಗಳನ್ನು ಮತ್ತೆ ಮೊದಲಿನಿಂದ ನಡೆಸಿದನು. ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯರಾದವರಲ್ಲಿ ಇವನೊಬ್ಬ.

ಸಬೀನನ ಸೂತ್ರವು ಬಹು ಸರಳ. ಶಬ್ದವನ್ನು ಸಂಪೂರ್ಣವಾಗಿ ನುಂಗಿ ಹಾಕುವ ವಸ್ತುವೆಂದರೆ ತೆರೆದ ಕಿಟಕಿ. ಹೊರಹೋದ ಶಬ್ದ ಮರಳದು. ಕೊಠಡಿಯಲ್ಲಿರುವ ಎಲ್ಲ ಮೈಗಳ ಹೀರಿಕೆಯನ್ನೂ ಇಷ್ಟು ಚದರ ಮೀಟರು ತೆರೆದ ಕಿಟಕಿಗೆ ಸಮವೆಂದು ಕೂಡಿಸಿ, ಅದರಿಂದ ಕೊಠಡಿಯ ಘನಮೀಟರುಗಳನ್ನು ಭಾಗಿಸಿ, 0.16ರಿಂದ ಗುಣಿಸಿದರೆ, ಶಬ್ದವು ಹತ್ತು ಲಕ್ಷದಲ್ಲೊಂದು ಪಾಲಿಗೆ ಕುಗ್ಗುವ ಕಾಲವು ಸೆಕೆಂಡುಗಳಲ್ಲಿ ದೊರೆಯುವುದು. ಅಕ್ಕನ ಪಡಸಾಲೆ ಸುಮಾರು 51 ಘನಮೀಟರು. ಗೋಡೆ ನೆಲ ಸೂರುಗಳ ಮೈ 84 ಚದರ ಮೀಟರು. ಬರಿಯ ಗಾರೆಯೂ ಕಲ್ಲೂ ನೂರರಲ್ಲಿ ಮೂರು ಪಾಲನ್ನು ಹೀರುವುವೆಂದಿಟ್ಟುಕೊಂಡರೆ, ಬರಿದಾದ ಆ ಕೊಠಡಿಯಲ್ಲಿ ಶಬ್ದವು ಮೂರು ಸೆಕೆಂಡಿಗೂ ಹೆಚ್ಚು ಕಾಲ ಬದುಕುವುದು. ಸೋಫಾ ಮತ್ತು ಮನುಷ್ಯರು ಸೇರಿ ಅದನ್ನು ಒಂದು ಸೆಕೆಂಡಿನ ಹತ್ತಿರಕ್ಕೆ ತಂದಿದ್ದರೇನೋ. ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಆಡುವ ಪಾತ್ರಗಳ ಮಾತಿಗೆ ಅದೂ ಹೆಚ್ಚೇ. ವಿಜಯಪುರದ ಗೋಳಗುಮ್ಮಟದ ಗ್ಯಾಲರಿಯಲ್ಲಿ ಆಡಿದ ಪಿಸುಮಾತು ಆಚೆಯ ಬದಿಯಲ್ಲಿ ಕೇಳಿಸುವುದೆಂದೂ, ಒಂದು ಕೂಗು ಹಲವು ಸಲ ಮರುಕೂಗುವುದೆಂದೂ ನಾವೆಲ್ಲ ಬೆರಗಾಗುತ್ತೇವೆ. ಆದರೆ ಅಲ್ಲಿ ಯಾರೂ ಸಿನಿಮಾ ನೋಡಲು ಹೋಗುವುದಿಲ್ಲ. ಅಟ್ಟದ ಮೇಲಿದ್ದ ದಪ್ಪನೆಯ ಜಮಖಾನವನ್ನು ನೆಲಕ್ಕೆ ಹಾಸಿದೆವು, ಕಿಟಕಿಗೆ ನೆರಿಗೆಯ ಭಾರಿ ಪರದೆಯನ್ನು ಇಳಿಬಿಟ್ಟೆವು, ಒಳಕೋಣೆಯ ಪುಸ್ತಕದ ಕಪಾಟನ್ನು ಹಿಂಗೋಡೆಗೆ ತಂದೆವು. ಇವು ಮಾತಿನ ಸ್ವರಗಳನ್ನು ಪಳಗಿಸುವುವು. ಮಂದ್ರದ ಉದ್ದನೆಯ ಅಲೆಗಳಿಗೆ ಜಮಖಾನವು ಇದ್ದೂ ಇಲ್ಲದಂತೆಯೇ. ಮತ್ತೊಮ್ಮೆ ಚಪ್ಪಾಳೆ ತಟ್ಟಿದಾಗ ಸದ್ದು 'ಟಪ್' ಎಂದು ನಿಂತಿತು.

ಅಳಿಯನಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ಆರು ವಾಹಿನಿಗಳ ಶಬ್ದವೂ ಅಷ್ಟು ದೊಡ್ಡ ಚಿತ್ರವೂ ಕೂಡಿ ಬೆರಳಿನಷ್ಟು ಸಪೂರವಾದ ತಂತಿಯಲ್ಲಿ ಹೇಗೆ ಮನೆಗೆ ಬರುವುವು? ಲೆಕ್ಕ ಹಾಕಿದರೆ ಅನುಮಾನ ನ್ಯಾಯವಾದುದೇ. ಸೆಕೆಂಡಿಗೆ 48,000 ಮಾದರಿಗಳಂತೆ, ಮಾದರಿಗೆ 16 ಬಿಟ್‌ಗಳಂತೆ, ಐದು ವಾಹಿನಿಗಳಿಗೇ 38,40,000 ಬಿಟ್‌ಗಳು ಬೇಕು, ಡಿ.ವಿ.ಡಿ.ಯಲ್ಲಿ ಸಾಮಾನ್ಯವಾಗಿ ಬಳಸಿದ್ದು ಆರಕ್ಕೂ ಸೇರಿ 4,48,000. ಚಿತ್ರದ ಲೆಕ್ಕವು ಇನ್ನೂ ಭಯಂಕರ: 1920 ಅಡ್ಡ, 1080 ಉದ್ದದ 20,73,600 ಚುಕ್ಕೆಗಳು, ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 24 ಚಿತ್ರ, ಒಟ್ಟು 119 ಕೋಟಿಗೂ ಹೆಚ್ಚು. ಅಂತರ್ಜಾಲದಲ್ಲಿ 50 ಲಕ್ಷ ಬಿಟ್‌ಗಳು ದೊರೆತರೂ ಇದೇ ಚಿತ್ರ ತಕ್ಕಮಟ್ಟಿಗೆ ಸೊಗಸಾಗಿ ಮೂಡುತ್ತದೆ. ಮಿಕ್ಕದ್ದು ಎಲ್ಲಿಗೆ ಹೋಯಿತು?

ಮದುವೆಯ ಮುಹೂರ್ತದಲ್ಲಿ ಗಟ್ಟಿಮೇಳವನ್ನು ಏಕೆ ಬಾರಿಸುತ್ತಾರೆ? ಯಾರಾದರೂ ಸೀನಿದರೆ, ಅಪಶಕುನದ ಮಾತನಾಡಿದರೆ, ಅದು ವಧೂವರರ ಕಿವಿಗೆ ಬೀಳದಿರಲೆಂದು. ಜೋರಾದ ಸ್ವರದ ಮಗ್ಗುಲಲ್ಲಿರುವ ಮೆಲುಸ್ವರವು ಕಿವಿಯೊಳಗೇ ಅಡಗಿಹೋಗುವುದೆಂಬ ಈ ತತ್ತ್ವವನ್ನು ನಮ್ಮ ಹಿರಿಯರು ಪ್ರಯೋಗದಿಂದ ಬಲ್ಲವರಾಗಿದ್ದರು. ಡಾಲ್ಬಿ ಮೊದಲಾದ ಪದ್ಧತಿಗಳು ಮಾಡುವುದೂ ಅದನ್ನೇ: ಕ್ಷಣಕ್ಷಣದ ಶಬ್ದವನ್ನು ಸ್ವರಸ್ವರವಾಗಿ ಬಿಡಿಸಿ, ಗಟ್ಟಿಮೇಳದಲ್ಲಿ ಮುಳುಗುವ ಸೀನುಗಳಿಗೆ ಬಿಟ್‌ಗಳನ್ನು ವ್ಯಯಮಾಡದೆ ಕೈಬಿಡುವುದು. (ರೇ ಡಾಲ್ಬಿಯು 1963ರಿಂದ ಎರಡು ವರ್ಷ ಯುನೆಸ್ಕೊ ಸಲಹೆಗಾರನಾಗಿ ಭಾರತದಲ್ಲಿದ್ದು, ಇಲ್ಲಿಂದ ಹೋಗಿ 1965ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಯೋಗಶಾಲೆಯನ್ನು ತೆರೆದನೆಂಬುದನ್ನು ಪ್ರಸಂಗವಶಾತ್ ನೆನೆಯಬಹುದು.)

ಆದರೆ ಬಿಡಿಸುವುದು ಹೇಗೆ? ಈ ಪ್ರಶ್ನೆಗೆ ಬಳಕೆಯಲ್ಲಿರುವ ಉತ್ತರವು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದರದು. 1972ರಲ್ಲಿ ಕ್ಯಾನ್ಸಾಸ್‌ನಲ್ಲಿ ಅಧ್ಯಾಪಕರಾಗಿದ್ದಾಗ ಅವರು ಈ ಸಂಶೋಧನೆಗಾಗಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯವನ್ನು ಕೇಳಿದರು, ದೊರೆಯಲಿಲ್ಲ. ಆದರೂ ಬಿಡದೆ, ಶಿಷ್ಯ ಟಿ. ನಟರಾಜನ್ ಮತ್ತು ಮಿತ್ರ ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಕಿರುಲೇಖನವೊಂದನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ಗಣಿತವು ಚಿತ್ರದ ಎಂಟೆಂಟು ಚುಕ್ಕೆಗಳ ಚೌಕವೊಂದನ್ನು ತೆಗೆದುಕೊಂಡು, ಅದರ 64 ಸಂಖ್ಯೆಗಳನ್ನು ಅಗಲವಾದ ಅಲೆಗಳಿಂದ ಹಿಡಿದು ಸಣ್ಣ ಸುಕ್ಕುಗಳವರೆಗಿನ 64 ವಿನ್ಯಾಸಗಳ ಮೊತ್ತವಾಗಿ ಬರೆಯುತ್ತದೆ. ಆಕಾಶದ ಒಂದು ತುಂಡು, ಕೆನ್ನೆಯ ಒಂದು ತುಂಡು, ಇಂಥವುಗಳಲ್ಲಿ ಮೊದಲ ನಾಲ್ಕಾರು ಅಲೆಗಳೇ ಎಲ್ಲವನ್ನೂ ಹೇಳಿ ಮುಗಿಸುತ್ತವೆ. ಸುಕ್ಕುಗಳ ಪಾಲು ಸೊನ್ನೆಯ ಹತ್ತಿರ, ಇದ್ದರೂ ಕಣ್ಣಿಗೆ ಹತ್ತದು, ಆದುದರಿಂದ ತ್ಯಾಜ್ಯ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸುವುದು, ಬಣ್ಣದ ವಿವರವನ್ನು ಬೆಳಕಿನ ವಿವರದ ಕಾಲುಭಾಗಕ್ಕೆ ಇಳಿಸುವುದು ಮೊದಲಾದ ಇತರ ಜಿಪುಣತನಗಳೂ ಇದಕ್ಕೆ ಜೊತೆಗೂಡುತ್ತವೆ. 1987ರಲ್ಲಿ ಇದೇ ಗಣಿತದ ಒಂದು ಮಾರ್ಪಾಡು ಶಬ್ದಕ್ಕೂ ಒದಗಿತು. ಡಾಲ್ಬಿ ಡಿಜಿಟಲ್ ನಿಂತಿರುವುದು ಅದರ ಮೇಲೆಯೇ. ಅಕ್ಕನ ಪಡಸಾಲೆಗೆ ಬರುವ ಚಿತ್ರವನ್ನೂ ಶಬ್ದವನ್ನೂ ಹೊತ್ತು ತರುವವನು ಬೆಂಗಳೂರಿನವನೇ ಎಂದಾಗ ಅವಳು, 'ನಮ್ಮ ಕಡೆಯವನೇ ಬಿಡು' ಎಂದು ತೃಪ್ತಿಪಟ್ಟಳು.

ಚಿತ್ರದ ವಿಷಯದಲ್ಲಿ ನನಗೆ ಹೇಳಬೇಕಾದುದು ಅಷ್ಟಾಗಿ ಇಲ್ಲ. ಕಣ್ಣು ಕಿವಿಗಿಂತ ಸುಲಭವಾಗಿ ಸಮಾಧಾನ ಹೊಂದುವ ಪ್ರಾಣಿ. ಆರೋಗ್ಯವಂತನ ಕಣ್ಣು ಡಿಗ್ರಿಯ ಅರುವತ್ತರಲ್ಲೊಂದು ಭಾಗಕ್ಕಿಂತ ಕಿರಿದಾದ ಅಂತರವನ್ನು ಬೇರ್ಪಡಿಸಿ ಕಾಣಲಾರದು. 55 ಇಂಚಿನ ಟಿ.ವಿ.ಯಲ್ಲಿ 1920 ಚುಕ್ಕೆಗಳ ಸಾಲಿದ್ದರೆ, ಏಳು ಅಡಿಗಿಂತ ದೂರದಲ್ಲಿ ಕುಳಿತವನಿಗೆ ಆ ಚುಕ್ಕೆಗಳು ಒಂದರೊಳಗೊಂದು ಕರಗಿರುತ್ತವೆ. 3840 ಚುಕ್ಕೆಗಳ 4ಕೆ ಟಿ.ವಿ.ಯ ಪೂರ್ತಿ ಪ್ರಯೋಜನ ಬೇಕೆನ್ನುವವನು ಮೂರೂವರೆ ಅಡಿಗೆ ಹೋಗಿ ಕುಳಿತುಕೊಳ್ಳಬೇಕು. ಅಕ್ಕನ ಸೋಫಾ ಹತ್ತು ಅಡಿ ದೂರದಲ್ಲಿತ್ತು. ಚುಕ್ಕೆಗಳ ಎಣಿಕೆಗಿಂತ ಕಣ್ಣಿಗೆ ಹಿತವೆನಿಸುವುದು ಕಪ್ಪಿನ ಆಳ. ಹಿಂಬದಿಯಿಂದ ಬೆಳಕು ಹೊಮ್ಮುವ ಎಲ್.ಸಿ.ಡಿ. ಪರದೆಯು ಬೆಳಕನ್ನು ಪೂರ್ತಿ ತಡೆಯಲಾರದೆ ಕಪ್ಪನ್ನು ಬೂದುಮಾಡುವುದು, ಒ.ಎಲ್.ಇ.ಡಿ.ಯಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ದೀಪವಾಗಿದ್ದು ತಾನೇ ಆರುವುದು. ಪ್ರೊಜೆಕ್ಟರಿನಲ್ಲಿ ಇನ್ನೂ ವಿನೋದವಾದ ಸಂಗತಿಯೊಂದುಂಟು: ಕತ್ತಲನ್ನು ಎರಚುವ ಯಂತ್ರವನ್ನು ಯಾರೂ ಕಂಡುಹಿಡಿದಿಲ್ಲವಾದ್ದರಿಂದ, ಬಿಳಿಯ ಪರದೆಯ ಮೇಲೆ ಕಾಣುವ ಕಪ್ಪು, ದೀಪ ಹಾಕದ ಆ ಪರದೆ ಎಷ್ಟು ಬೆಳ್ಳಗಿತ್ತೋ ಅದಕ್ಕಿಂತ ಎಳ್ಳಷ್ಟೂ ಹೆಚ್ಚು ಕಪ್ಪಾಗಿರದು. ಟಿ.ವಿ.ಯಲ್ಲೂ ಕೊಠಡಿ ಕತ್ತಲಾದಷ್ಟೂ ಕಪ್ಪು ಗಾಢವಾಗಿ ಕಾಣುವುದರಿಂದ, ಕಿಟಕಿಯ ಪರದೆಯಿಂದ ಹೀಗೆ ಕಣ್ಣಿಗೂ ಉಪಕಾರವಾಯಿತು.

ತುಟಿಗೂ ಮಾತಿಗೂ ಒಂದಿಷ್ಟು ಜಗಳವಿತ್ತು. ಚಿತ್ರವನ್ನು ಸಂಸ್ಕರಿಸಲು ಟಿ.ವಿ.ಯು ಕೊಂಚ ಹೊತ್ತು ತೆಗೆದುಕೊಳ್ಳುವುದರಿಂದ ಮಾತು ತುಟಿಗಿಂತ ಮುಂದೆ ಓಡಿಬರುತ್ತಿತ್ತು. ಅಗಸನು ದೂರದ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನೋಡಿದವರಿಗೆ, ನೋಟ ಮೊದಲು ಸದ್ದು ಆಮೇಲೆ ಎಂಬುದು ಪ್ರಕೃತಿಯ ಕ್ರಮವೆಂದು ಗೊತ್ತು. ಈ ಕ್ರಮಕ್ಕೆ ಒಗ್ಗಿದ ಮಿದುಳು, ಸದ್ದು 100 ಮಿಲಿಸೆಕೆಂಡು ಹಿಂದೆ ಬಿದ್ದರೂ ಕ್ಷಮಿಸುವುದು, 50ರಷ್ಟು ಮುಂದೆ ಬಂದರೆ ಮುಖ ಗಂಟಿಕ್ಕುವುದು. ರಿಸೀವರಿನ ಒಂದು ಗುಂಡಿಯಿಂದ ಸದ್ದನ್ನು ತಡೆದು ಇಬ್ಬರಿಗೂ ರಾಜಿ ಮಾಡಿಸಿದೆವು.

ಸಂಜೆಗೆ ಎಲ್ಲವೂ ಸಿದ್ಧವಾಯಿತು. ಗಾಜಿನ ಸೆರೆಯಿಂದ ಹೊರಬಂದ ಮಧ್ಯದ ಸ್ಪೀಕರು ಟಿ.ವಿ.ಯ ಕೆಳಗೆ ಅಕ್ಕನ ಮುಖವನ್ನೇ ನೋಡುತ್ತ ಕುಳಿತಿತು. ಇನ್ನಿಬ್ಬರು ಎಡಬಲಗಳಿಗೆ, ಇಬ್ಬರು ಸೋಫಾದ ಹಿಂಬದಿಗೆ ಹೋದರು. ಯಾವ ಚಿತ್ರವನ್ನು ಹಾಕೋಣವೆಂದು ಅಳಿಯನು ಕೇಳುವುದಕ್ಕೂ, 'ಬೇಡರ ಕಣ್ಣಪ್ಪ' ಎಂದು ಅಕ್ಕ ಹೇಳುವುದಕ್ಕೂ ಸರಿಹೋಯಿತು. 1954ರ ಚಿತ್ರ, ಆ ಕಾಲದ ಧ್ವನಿಮುದ್ರಣವೆಲ್ಲ ಒಂದೇ ವಾಹಿನಿಯದು. ಎಡಬಲಗಳಲ್ಲಿ ಬಂದ ಸಂಕೇತಗಳು ಒಂದಕ್ಕೊಂದು ತದ್ರೂಪವಾಗಿರುವುದನ್ನು ಕಂಡ ರಿಸೀವರು, ಇದು ನಡುವಿನಲ್ಲಿರಬೇಕಾದ ಶಬ್ದವೆಂದು ತರ್ಕಿಸಿ, ಸಮಸ್ತವನ್ನೂ ಮಧ್ಯದ ಸ್ಪೀಕರಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಮಾತು ಸ್ಫಟಿಕದಂತೆ ಸ್ಪಷ್ಟವಾಗಿತ್ತು. ಅಳಿಯನು ಮೆಲ್ಲನೆ ಎದ್ದು, ಸದ್ದಿಲ್ಲದ ನಾಲ್ಕು ಸ್ಪೀಕರುಗಳಿಗೂ ಒಂದೊಂದಾಗಿ ಕಿವಿಗೊಟ್ಟು, 'ಮಾವ, ಇವು ನಾಲ್ಕೂ ಕೆಟ್ಟುಹೋದವಾ?' ಎಂದು ಕಳವಳದಿಂದ ಕೇಳಿದನು. ನಾನು ಉತ್ತರ ಕೊಡುವಷ್ಟರಲ್ಲಿ ಅಕ್ಕ, 'ಅಡ್ಡ ನಿಲ್ಲಬೇಡ ಕಣೋ, ಕಾಣಿಸೋದಿಲ್ಲ' ಎಂದು ಗದರಿದಳು.